ರಂಗಭೂಮಿಯ ಆಚಾರ್ಯ ಶ್ರೀರಂಗರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ನಾಟಕದ ಮಾತು ಮೊದಲಾಗುವುದು. ರೈತರು ಹಾರ್ಮೋನಿಯಂ ಮಾಸ್ತರನ್ನು ಗೊತ್ತುಮಾಡಿಕೊಂಡು, ಪಾತ್ರಕ್ಕಿಷ್ಟೆಂದು ತಾವೇ ಹಣ ಹಾಕಿ, ತಿಂಗಳುಗಟ್ಟಲೆ ಅಭ್ಯಾಸಮಾಡಿ, ಬಾಡಿಗೆಯ ಸೀನರಿಯನ್ನು ತರಿಸಿ, ಬೆಳಗಾಗುವವರೆಗೆ ಕುರುಕ್ಷೇತ್ರವನ್ನು ಆಡುವರು. ಇಷ್ಟು ಶ್ರದ್ಧೆಯೂ ಇಷ್ಟು ವ್ಯಯವೂ ಇರುವ ಕಡೆ ದೊರೆಯದಿರುವುದು ಒಂದೇ ಒಂದು: ನಟನ ವಿದ್ಯೆಯನ್ನು ಕ್ರಮವಾಗಿ ಹೇಳಿಕೊಡುವ ಗುರು. ರಾಗವನ್ನು ಕಲಿಸುವ ಮಾಸ್ತರೇ ಮಾತನ್ನೂ ನಡೆಯನ್ನೂ ನಿಲುವನ್ನೂ ತಿದ್ದಬೇಕು. ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ, ಹೊಟ್ಟೆಪಾಡಿಗಾಗಿಯಲ್ಲದೆ ಪ್ರೀತಿಗಾಗಿ ನಾಟಕವಾಡುವವರಿಗೆಲ್ಲ ಇದ್ದ ಈ ಕೊರತೆಯನ್ನು ಕಂಡುಕೊಂಡು, ಅದನ್ನು ತುಂಬುವುದಕ್ಕೆ ಶ್ರಮಿಸಿದ ಮಹನೀಯರಲ್ಲಿ ಆದ್ಯ ರಂಗಾಚಾರ್ಯರು ಅಗ್ರಗಣ್ಯರು. ನಾಡು ಅವರನ್ನು ಶ್ರೀರಂಗರೆಂದು ಬಲ್ಲುದು. ಅವರು ಈ ಸೀಮೆಯವರಲ್ಲ. ಆದರೂ ಅವರ ಚರಿತ್ರೆಯನ್ನು ಈ ಸೀಮೆಯವರು ಅರಿತಿರುವುದು ಉಚಿತ.

ಶ್ರೀರಂಗರು ೧೯೦೪ನೆಯ ಇಸವಿ ಸೆಪ್ಟೆಂಬರ್ ೨೬ರಂದು ಈಗಿನ ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ ಜಾಗೀರದಾರರ ಮನೆತನದಲ್ಲಿ ಜನಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ವ್ಯಾಸಂಗಮಾಡಿ, ಅನಂತರ ಲಂಡನ್ನಿನ ಪೌರ್ವಾತ್ಯ ವಿದ್ಯಾಶಾಲೆಯಲ್ಲಿ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಕಾಲೇಜಿನ ದಾಖಲೆಗಳಲ್ಲಿ ಅವರು ಆರ್. ವಿ. ಜಾಗೀರದಾರರು. ದೇಶವು ಸ್ವತಂತ್ರವಾದ ಮರುವರ್ಷ, ೧೯೪೮ರಲ್ಲಿ, ಜಾಗೀರಿನ ಆ ಉಪನಾಮವನ್ನು ತೊರೆದು ಆದ್ಯ ರಂಗಾಚಾರ್ಯರಾದರು.

ಅವರು ಅಧ್ಯಾಪಕರಾದ ಕಾಲದಲ್ಲಿ ಕನ್ನಡ ನಾಡಿನಲ್ಲಿ ನಾಟಕವನ್ನು ಕಲಿಸುವ ವಿಶ್ವವಿದ್ಯಾನಿಲಯದ ಪೀಠವೇ ಇರಲಿಲ್ಲ. ರಂಗಭೂಮಿಯೆಂದರೆ ವೃತ್ತಿ ಕಂಪೆನಿಗಳ ಸಂಗೀತ, ಪರದೆ, ಪೌರಾಣಿಕ ವೈಭವ ಎಂಬ ಭಾವನೆಯೇ ಬಲವಾಗಿದ್ದಿತು. ಮೈಸೂರು ಸೀಮೆಯಲ್ಲಿ ಕೈಲಾಸಂ ಅವರು ಮನೆಮಾತಿನ ಸಾಮಾಜಿಕ ನಾಟಕವನ್ನು ನೆಲೆಗೊಳಿಸಿದಂತೆ ಧಾರವಾಡದ ಕಡೆಯಲ್ಲಿ ಆ ಕೆಲಸವನ್ನು ಕೈಗೊಂಡವರು ಶ್ರೀರಂಗರು. ೧೯೩೦ರ ಉದರವೈರಾಗ್ಯವು ಈ ದಾರಿಯ ಆರಂಭದ ಕೃತಿಗಳಲ್ಲೊಂದು. ಗಾಂಧೀಜಿಯವರು ಹರಿಜನ ಸೇವೆಯ ಪ್ರವಾಸದಲ್ಲಿ ಕರ್ನಾಟಕಕ್ಕೆ ಬಂದ ೧೯೩೪ರಲ್ಲಿಯೇ ಹರಿಜನ್ವಾರವೆಂಬ ನಾಟಕವೂ ಬಂದಿತು. ಜನ್ವಾರವೆಂದರೆ ಆ ಕಡೆಯ ಆಡುಮಾತಿನಲ್ಲಿ ಜನಿವಾರ. ಹರಿಜನರೆಂಬ ಮಾತೂ ಜನಿವಾರವನ್ನು ಹರಿಯೆಂಬ ಮಾತೂ ಒಂದೇ ಹೆಸರಿನಲ್ಲಿ ಕೂಡಿಕೊಂಡುವು. ಸಂಪ್ರದಾಯಸ್ಥ ಕುಲದಲ್ಲಿ ಹುಟ್ಟಿ ಸಂಸ್ಕೃತವನ್ನು ಬೋಧಿಸುತ್ತಿದ್ದವರೊಬ್ಬರು ಇಂತಹ ಹೆಸರಿನ ನಾಟಕವನ್ನು ರಂಗಕ್ಕೆ ತರುವುದು ಆ ದಿನಗಳಲ್ಲಿ ಸಾಮಾನ್ಯವಾದ ಧೈರ್ಯವಲ್ಲ.

ಆದರೆ ಶ್ರೀರಂಗರ ಧೈರ್ಯಕ್ಕೂ ಪಾಂಡಿತ್ಯಕ್ಕೂ ವಿರೋಧವಿರಲಿಲ್ಲ. ಅವರು ಜೀವಮಾನವೆಲ್ಲ ಪರಿಶೀಲಿಸಿದ ಗ್ರಂಥ ಭರತನ ನಾಟ್ಯಶಾಸ್ತ್ರ. ವೇದಕ್ಕೆ ಅಧಿಕಾರವಿಲ್ಲವೆನಿಸಿಕೊಂಡವರಿಗೂ ಸಲ್ಲತಕ್ಕ ಐದನೆಯ ವೇದವಾಗಿ ಬ್ರಹ್ಮನು ನಾಟ್ಯವನ್ನು ನಿರ್ಮಿಸಿದನೆಂಬುದು ಆ ಗ್ರಂಥದ ಮೊದಲ ಅಧ್ಯಾಯದ ಕಥೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಟನ ಕೆಲಸವನ್ನು ನಾಲ್ಕಾಗಿ ವಿಂಗಡಿಸಿ, ರಂಗಮಂದಿರದ ಅಳತೆಯಿಂದ ಕಣ್ಣಿನ ಚಲನೆಯವರೆಗೆ ಹೇಳುವ ಈ ಶಾಸ್ತ್ರವು ಪಂಡಿತರ ವಾದಕ್ಕೆ ವಸ್ತುವಾಗಿದ್ದಿತೇ ಹೊರತು ನಟರ ಕೈಗೆ ಸಿಕ್ಕಿರಲಿಲ್ಲ. ಸಂಸ್ಕೃತ ನಾಟಕದ ಮೇಲೆ ೧೯೪೭ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದ ಶ್ರೀರಂಗರು ಮುಂದೆ ನಾಟ್ಯಶಾಸ್ತ್ರವನ್ನು ಕನ್ನಡಕ್ಕೂ ಇಂಗ್ಲಿಷಿಗೂ ಅನುವಾದಿಸಿದರು. ಎಲ್ಲರಿಗೂ ಸಲ್ಲಬೇಕಾದ ವೇದವು ಎಲ್ಲರ ಭಾಷೆಯಲ್ಲಿ ದೊರೆಯುವಂತಾಯಿತು.

ಗ್ರಂಥವೊಂದರಿಂದಲೇ ನಟನು ಸಿದ್ಧನಾಗಲಾರನೆಂಬುದನ್ನೂ ಅವರು ಬಲ್ಲವರಾಗಿದ್ದರು. ಸ್ವಾತಂತ್ರ್ಯಾನಂತರ ಹವ್ಯಾಸಿಗಳಿಗಾಗಿ ನಾಟಕ ಶಿಬಿರಗಳನ್ನು ನಡೆಸಿದರು. ತಾವೇ ನಟಿಸಿ, ತಾವೇ ನಿರ್ದೇಶಿಸಿ ಪಡೆದ ಅನುಭವವು ಅವರ ಬೋಧನೆಗೆ ಬಲವಾಯಿತು. ಇದೇ ಅವಧಿಯಲ್ಲಿ ಅವರ ಲೇಖನಿಯೂ ಹರಿತವಾಯಿತು. ೧೯೫೨ರ ಶೋಕಚಕ್ರವು ಸ್ವರಾಜ್ಯದ ಬೆನ್ನಿಗೇ ಬಂದ ಅಧಿಕಾರಲೋಭವನ್ನು ತೋರಿಸಿತು. ಧ್ವಜದ ಅಶೋಕಚಕ್ರದಲ್ಲಿ ಒಂದಕ್ಷರ ಬಿಟ್ಟುಹೋದರೆ ಉಳಿಯುವುದೇನೆಂಬುದನ್ನು ಹೆಸರೇ ಹೇಳಿತು. ೧೯೬೦ರ ಕೇಳು ಜನಮೇಜಯ ಹಿಂದಿಗೂ ಹೋಗಿ ಕನ್ನಡ ನಾಟಕದ ಹೆಸರನ್ನು ಹೊರನಾಡುಗಳಿಗೆ ಮುಟ್ಟಿಸಿತು. ಕನ್ನಡ ನಾಡು ಒಂದುಗೂಡಿದ ೧೯೫೬ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಈ ನಾಟಕಕಾರರಿಗೆ ಸಂದಿತು. ೧೯೬೭ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್, ೧೯೭೧ರಲ್ಲಿ ಕಾಳಿದಾಸನನ್ನು ಕುರಿತ ಗ್ರಂಥಕ್ಕಾಗಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ೧೯೭೨ರಲ್ಲಿ ಪದ್ಮಭೂಷಣ ಬಂದುವು. ೧೯೮೪ನೆಯ ಅಕ್ಟೋಬರ್ ೧೭ರಂದು ಶ್ರೀರಂಗರು ಕಾಲವಾದರು.

ಅವರ ನಾಟಕಗಳಲ್ಲಿ ಕ್ರಿಯೆಗಿಂತ ಮಾತು ಹೆಚ್ಚು, ಭಾವಕ್ಕಿಂತ ವಿಚಾರ ಹೆಚ್ಚು ಎಂಬ ಆಕ್ಷೇಪಣೆಯುಂಟು. ಅದು ಪೂರಾ ನಿರಾಧಾರವಾದುದೆಂದು ಹೇಳುವಂತಿಲ್ಲ. ಪಟ್ಟಣದ ವಿದ್ಯಾವಂತರು ಅವರನ್ನು ಬರಮಾಡಿಕೊಂಡಷ್ಟು ಹಳ್ಳಿಯ ರಂಗವು ಬರಮಾಡಿಕೊಳ್ಳಲಿಲ್ಲ. ಹೇಮಾವತಿಯ ದಂಡೆಯ ರೈತನಿಗೆ ದುರ್ಯೋಧನನ ಗದೆಯೂ ಕೃಷ್ಣನ ಕಂದಪದ್ಯವೂ ಬೇಕೇ ಹೊರತು ಶೋಕಚಕ್ರದ ವ್ಯಂಗ್ಯವಲ್ಲ. ಅದು ಅವನ ಅಭಿರುಚಿ. ಅದನ್ನು ಹೀನವೆಂದು ಎಣಿಸತಕ್ಕುದಲ್ಲ.

ಆದರೂ ಶ್ರೀರಂಗರ ಕೊಡುಗೆಯಲ್ಲಿ ಆ ರೈತನಿಗೂ ಪಾಲುಂಟು. ದುರ್ಯೋಧನನ ಪಾತ್ರಧಾರಿಗೆ ಗಂಟಲು ಕಟ್ಟದಂತೆ ಮಾತಾಡುವ ಬಗೆ, ಸುಮ್ಮನೆ ನಿಂತಾಗಲೂ ಪಾತ್ರವಾಗಿ ನಿಲ್ಲುವ ಬಗೆ, ಎದುರಿನವನ ಮಾತನ್ನು ಕೇಳುವ ಬಗೆ ಬೇಡವೇ? ಪೌರಾಣಿಕವಾದರೂ ಸಾಮಾಜಿಕವಾದರೂ ನಟನ ವಿದ್ಯೆ ಒಂದೇ. ತನ್ನ ಹಣವನ್ನೂ ನಿದ್ರೆಯನ್ನೂ ಕಲೆಗೆ ಒಪ್ಪಿಸುವವನು ಆ ವಿದ್ಯೆಗೆ ಎರವಾಗಿರುವುದು ನಾಡಿಗೆ ಶೋಭೆಯಲ್ಲ. ಸಂಸ್ಕೃತದ ಪೀಠದಿಂದ ಇಳಿದು ಹವ್ಯಾಸಿಗಳ ನಡುವೆ ನಿಂತು ಕಲಿಸಿದ ಪ್ರಾಧ್ಯಾಪಕರ ಮಾರ್ಗವು ನಮ್ಮೆದುರಿಗಿದೆ. ನಮ್ಮ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರು ಸುಗ್ಗಿಯ ನಂತರದ ನಾಲ್ಕಾರು ಸಂಜೆಗಳನ್ನು ಹಳ್ಳಿಯ ಅಭ್ಯಾಸದ ಮನೆಯಲ್ಲಿ ಕಳೆದು, ಹಾರ್ಮೋನಿಯಂ ಮಾಸ್ತರಿಗೆ ಹೆಗಲು ಕೊಟ್ಟರೆ, ಐದನೆಯ ವೇದವು ಅದರ ನಿಜವಾದ ಅಧಿಕಾರಿಗಳನ್ನು ಸೇರುವುದು.