ಸೇತುವೆ ಕಟ್ಟಿದವನ ಹರಳಿನ ಭಂಡಾರ

ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಯ ಚಿತ್ರವನ್ನು ಕಾಣದ ಓದುಗರು ವಿರಳ. ಅದನ್ನು ಕಟ್ಟಿದ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ತನ್ನ ಕಾಲದ ಬಹುದೊಡ್ಡ ಖನಿಜ ಸಂಗ್ರಾಹಕರಲ್ಲಿ ಒಬ್ಬನಾಗಿದ್ದ ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರ ಪಡೆದಿಲ್ಲ.

1837ರ ಮೇ 26ರಂದು ಪೆನ್ಸಿಲ್ವೇನಿಯಾದಲ್ಲಿ ಜನಿಸಿದ ರೋಬ್ಲಿಂಗ್, 1857ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಬಳಿಕ ಅಮೆರಿಕದ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದ. ಬ್ರೂಕ್ಲಿನ್ ಸೇತುವೆ ಮೂಲತಃ ತಂದೆ ಜಾನ್ ರೋಬ್ಲಿಂಗ್‌ನ ಕನಸು. 1869ರಲ್ಲಿ ಅಳತೆಯ ಕೆಲಸದಲ್ಲಿದ್ದಾಗ ಕಾಲಿಗಾದ ಗಾಯವು ಧನುರ್ವಾಯುವಿಗೆ ತಿರುಗಿ ತಂದೆ ತೀರಿಕೊಂಡಾಗ, 32ರ ಹರೆಯದ ಮಗನ ಹೆಗಲಿಗೆ ಹೊಣೆ ಬಿತ್ತು.

ಗೋಪುರಗಳ ಅಡಿಪಾಯಕ್ಕಾಗಿ ಬೃಹತ್ ಮರದ ಪೆಟ್ಟಿಗೆಗಳನ್ನು ಬೋರಲಾಗಿ ನದಿಗಿಳಿಸಿ, ಒಳಗೆ ಒತ್ತಡದ ಗಾಳಿ ತುಂಬಿ, ಕಾರ್ಮಿಕರು ತಳ ಅಗೆಯುತ್ತಿದ್ದರು. ಅಲ್ಲಿಂದ ಅವಸರದಲ್ಲಿ ಮೇಲೆ ಬಂದವರ ರಕ್ತದಲ್ಲಿ, ಗೋಲಿಸೋಡಾದ ಗೋಲಿ ಒತ್ತಿದಾಗ ಉಕ್ಕುವಂತೆ, ಸಾರಜನಕದ ಗುಳ್ಳೆಗಳೇಳುತ್ತಿದ್ದವು. ಕಾರಣ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಆಳುಗಳೊಡನೆ ತಾನೂ ಇಳಿಯುತ್ತಿದ್ದ ರೋಬ್ಲಿಂಗ್ 1872ರಲ್ಲಿ ಈ ಬೇನೆಗೆ ತುತ್ತಾದ. ಮುಂದಿನ ವರ್ಷಗಳಲ್ಲಿ ಕಿಟಕಿಯಿಂದ ದುರ್ಬೀನು ಹಿಡಿದು ಕಾಮಗಾರಿಯನ್ನು ನೋಡಿದ. ಆತನ ಸೂಚನೆಗಳನ್ನು ಎಂಜಿನಿಯರುಗಳಿಗೆ ತಲುಪಿಸಿದವಳು ಪತ್ನಿ ಎಮಿಲಿ. 1883ರ ಮೇ 24ರಂದು ಸೇತುವೆ ತೆರೆಯಿತು. ಆದರೆ ಮೊದಲಿನ ಆರೋಗ್ಯ ಮರಳಲಿಲ್ಲ.

ಮುಂದೆ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ನೆಲೆಸಿದ ರೋಬ್ಲಿಂಗ್‌ನ ಬದುಕನ್ನು ತುಂಬಿದ್ದು ಕಲ್ಲುಗಳು. ಸಂಗ್ರಾಹಕರಲ್ಲಿ ಎರಡು ಜಾತಿ. ಬಣ್ಣ, ಹೊಳಪು, ಗಾತ್ರಕ್ಕೆ ಮನಸೋಲುವವರು ಹಲವರು. ಪ್ರತಿಯೊಂದು ಖನಿಜ ಪ್ರಭೇದದ ಮಾದರಿಯೂ ತನ್ನಲ್ಲಿರಬೇಕೆಂದು ಹಟ ತೊಡುವವರು ಕೆಲವರು. ರೋಬ್ಲಿಂಗ್ ಎರಡನೆಯ ಜಾತಿಗೆ ಸೇರಿದವನು. ಈ ಹಾದಿಯೇ ಕಷ್ಟದ್ದು. ಸುಂದರ ಹರಳನ್ನು ಹಣ ಕೊಟ್ಟು ತರಬಹುದು. ಜಗತ್ತಿನ ಯಾವುದೋ ಒಂದು ಗಣಿಯಲ್ಲಿ ಸಾಸಿವೆಯಷ್ಟು ದೊರೆತ ಮಂಕು ಪುಡಿಯನ್ನು ಪಡೆಯಲು ಹಣದ ಜೊತೆಗೆ ತಿಳಿವಳಿಕೆ, ತಾಳ್ಮೆ, ಪತ್ರವ್ಯವಹಾರ ಎಲ್ಲವೂ ಬೇಕು. ಸಂಗ್ರಹ 16,000 ಮಾದರಿಗಳನ್ನು ಮೀರಿತು. ಆಗ ತಿಳಿದಿದ್ದ ಖನಿಜಗಳ ಪೈಕಿ ಅದರಲ್ಲಿಲ್ಲದವು ಕೆಲವೇ ಕೆಲವು. ಭಂಡಾರಕ್ಕೆ ಬೀಗ ಜಡಿದು ಕೂರದೆ, ವಿಜ್ಞಾನಿಗಳ ಅಧ್ಯಯನಕ್ಕೂ ಆತ ಮಾದರಿಗಳನ್ನು ಒದಗಿಸಿದ.

1897ರಲ್ಲಿ ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯ ಒಂದು ಹೊಸ ಖನಿಜಕ್ಕೆ ರೋಬ್ಲಿಂಗೈಟ್ ಎಂಬ ಹೆಸರಿಡಲಾಯಿತು. ಬಣ್ಣಬಣ್ಣದ ಖನಿಜಗಳಿಗೆ ಹೆಸರಾದ ಆ ಗಣಿಯಲ್ಲಿ, ಈತನ ಪಾಲಿಗೆ ಬಂದದ್ದು ಪಿಂಗಾಣಿಯಂತಹ ಬಿಳಿಯ, ಸೀಸವುಳ್ಳ ಉಂಡೆ!

ಹಾಗೆಂದು ಬಣ್ಣಕ್ಕೆ ಆತ ಬೆನ್ನು ತಿರುಗಿಸಿದವನಲ್ಲ. ನೆವಾಡಾದ ವರ್ಜಿನ್ ಕಣಿವೆಯಲ್ಲಿ 1917ರಲ್ಲಿ ದೊರೆತ 2,585 ಕ್ಯಾರೆಟ್ಟಿನ, ಅಂದರೆ ಅರ್ಧ ಕಿಲೋಗೂ ಮಿಕ್ಕಿದ ಕಪ್ಪು ಓಪಲ್ ಆತನ ಸಂಗ್ರಹದ್ದೇ. ಶಾಸ್ತ್ರೀಯವಾಗಿ ಓಪಲ್ ಹರಳೇ ಅಲ್ಲ. ಅದರೊಳಗಿನ ಸೂಕ್ಷ್ಮ ಸಿಲಿಕಾ ಗೋಳಗಳ ಜೋಡಣೆಯೇ ಬೆಳಕನ್ನು ಒಡೆದು ಕಾಮನಬಿಲ್ಲಾಗಿಸುತ್ತದೆ. ಆ ಕಣಿವೆಯ ಓಪಲ್‌ಗಳು ನೀರಿನಂಶ ಆರಿದರೆ ಬಿರುಕು ಬಿಡುವುದೂ ಉಂಟು.

ಕೊನೆಯ ವರ್ಷಗಳು ಸುಖದವಲ್ಲ. 1903ರಲ್ಲಿ ಎಮಿಲಿ ಅಗಲಿದಳು. ತನ್ನದೇ ಹೆಸರು ಹೊತ್ತ ಸೋದರನ ಮಗ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದ. 1921ರಲ್ಲಿ, 84ನೇ ವಯಸ್ಸಿನಲ್ಲಿ, ಕುಟುಂಬದ ತಂತಿಹಗ್ಗದ ಕಂಪನಿಯ ಅಧ್ಯಕ್ಷತೆಯನ್ನು ಮತ್ತೆ ಹೊರಬೇಕಾಯಿತು. ಕಾಯಿಲೆಯ ಮನುಷ್ಯನೆಂದು ಅರ್ಧ ಶತಮಾನ ಕರೆಸಿಕೊಂಡವನು 1926ರ ಜುಲೈ 21ರಂದು ನಿಧನನಾದಾಗ ವಯಸ್ಸು 89.

ಒಡೆಯ ತೀರಿದೊಡನೆ ಖಾಸಗಿ ಸಂಗ್ರಹಗಳು ಚದುರಿ ಮಾರಾಟವಾಗುವುದೇ ವಾಡಿಕೆ. ಆದರೆ ಮಗ ಜಾನ್, ಇಡೀ ಭಂಡಾರವನ್ನು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿ, ಅದರ ಪೋಷಣೆಗೆ 1,50,000 ಡಾಲರುಗಳ ನಿಧಿಯನ್ನೂ ಇತ್ತ. ಆ ನಿಧಿಯಿಂದ ಕೊಂಡ ಹೊಸ ಖನಿಜಗಳೂ ರೋಬ್ಲಿಂಗ್ ಸಂಗ್ರಹಕ್ಕೇ ಸೇರುತ್ತ ಬಂದಿವೆ.