ಲೋಟೆ ರೈನಿಗರ್

ಲೋಟೆ ರೈನಿಗರ್ (ಜೂನ್ 2, 1899 – ಜೂನ್ 19, 1981) ಜರ್ಮನಿಯ ಚಲನಚಿತ್ರ ನಿರ್ದೇಶಕಿ ಹಾಗೂ ನೆರಳುಚಿತ್ರ ಅನಿಮೇಷನ್ನಿನ ಆದ್ಯ ಕಲಾವಿದೆ. ಕಣ್ಣು, ತುಟಿಗಳ ವಿವರವೇ ಇಲ್ಲದ ಕಪ್ಪು ಕಾಗದದ ಆಕೃತಿಗಳ ಮೂಲಕ ಪ್ರೇಮ, ಭಯ, ವಿರಹಗಳನ್ನು ತೆರೆಯ ಮೇಲೆ ಮೂಡಿಸಿದವರು. 1926ರಲ್ಲಿ ತೆರೆಕಂಡ ಅವರ ‘ರಾಜಕುಮಾರ ಅಹ್ಮದನ ಸಾಹಸಗಳು’ ಇಂದು ಉಳಿದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು. ಅರ್ಜೆಂಟೀನಾದ ಕ್ವಿರಿನೊ ಕ್ರಿಸ್ಟಿಯಾನಿ 1917ರಲ್ಲಿಯೇ ಅಂತಹ ಚಿತ್ರವೊಂದನ್ನು ತಯಾರಿಸಿದ್ದರಾದರೂ ಅದರ ಪ್ರತಿ ಉಳಿದಿಲ್ಲ. ವಾಲ್ಟ್ ಡಿಸ್ನಿಯವರ ‘ಸ್ನೋ ವೈಟ್’ ಬಂದದ್ದು 1937ರಲ್ಲಿ. ಹಾಗಿದ್ದೂ ಮೊದಲ ಸ್ಥಾನವನ್ನು ಆ ಚಿತ್ರಕ್ಕೇ ಕೊಡುವ ವಾಡಿಕೆ ಇನ್ನೂ ಅಳಿದಿಲ್ಲ.

ಆರಂಭಿಕ ಜೀವನ

ಬರ್ಲಿನ್ನಿನ ಷಾರ್ಲಟನ್‌ಬುರ್ಗ್‌ನಲ್ಲಿ ಜನಿಸಿದ ಲೋಟೆ ಬಾಲ್ಯದಲ್ಲಿಯೇ ಕತ್ತರಿ ಹಿಡಿದು ಕಾಗದದಲ್ಲಿ ಆಕೃತಿಗಳನ್ನು ಬಿಡಿಸುವುದರಲ್ಲಿ ಪಳಗಿದ್ದರು. ಮುಂದೆ ಮ್ಯಾಕ್ಸ್ ರೈನ್‌ಹಾರ್ಟ್ ಅವರ ನಾಟಕಶಾಲೆಯನ್ನು ಸೇರಿ, ಅಲ್ಲಿನ ನಟರ ನೆರಳುಚಿತ್ರಗಳನ್ನು ಕತ್ತರಿಸತೊಡಗಿದರು. ಈ ಕೌಶಲ ನಟ, ನಿರ್ದೇಶಕ ಪಾಲ್ ವೆಗೆನರ್ ಅವರ ಗಮನ ಸೆಳೆಯಿತು. ವೆಗೆನರ್ ಅವರ ಹ್ಯಾಮೆಲಿನ್ ಕಿಂದರಿಜೋಗಿಯ ಚಿತ್ರಕ್ಕಾಗಿ (1918) ಮರದ ಇಲಿಗಳನ್ನು ಚೌಕಟ್ಟು ಚೌಕಟ್ಟಾಗಿ ಸರಿಸಿ ಓಡಿಸಿದ್ದು ಲೋಟೆ ಅವರ ಮೊದಲ ಅನಿಮೇಷನ್ ಕೆಲಸಗಳಲ್ಲೊಂದು. 1919ರಲ್ಲಿ ತಮ್ಮದೇ ಕಿರುಚಿತ್ರ ಮಾಡಿದರು. ಅದರಲ್ಲಿ ಇಬ್ಬರು ಪ್ರೇಮಿಗಳು, ಜೊತೆಗೊಂದು ಅಲಂಕಾರ ಮಾತ್ರ. ಪ್ರೇಮಿಗಳ ಮನಸ್ಸು ಬದಲಾದಂತೆ ಆ ಅಲಂಕಾರವೂ ರೂಪ ಬದಲಿಸುತ್ತದೆ. ಮುಂದಿನ ಅವರ ಕಲೆಯ ಬೀಜ ಇಲ್ಲಿಯೇ ಇದೆ. 1921ರಲ್ಲಿ ಕಾರ್ಲ್ ಕೋಖ್ ಅವರನ್ನು ವಿವಾಹವಾದರು. ಕೋಖ್ ಕೊನೆಯವರೆಗೂ ಅವರ ಚಿತ್ರಗಳ ಸಹಯೋಗಿಯಾಗಿದ್ದರು.

‘ರಾಜಕುಮಾರ ಅಹ್ಮದನ ಸಾಹಸಗಳು’

ಲೂಯಿ ಹಾಗೆನ್ ಎಂಬ ಬ್ಯಾಂಕರ್ ಹಣ ಒದಗಿಸಿದರು. ಪಾಟ್ಸ್‌ಡ್ಯಾಮ್‌ನಲ್ಲಿ ಅವರ ಗ್ಯಾರೇಜಿನ ಮೇಲಣ ಕೋಣೆಯೇ ಸ್ಟುಡಿಯೋ ಆಯಿತು. 1923ರಿಂದ ಮೂರು ವರ್ಷ ಕೆಲಸ ನಡೆಯಿತು. ಕಪ್ಪು ರಟ್ಟು ಹಾಗೂ ತೆಳುವಾದ ಸೀಸದ ತಗಡಿನಿಂದ ಅಂಗಾಂಗಗಳನ್ನು ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಬಿಗಿದು, ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಜಿನ ಮೇಲೆ ಇಡಲಾಗುತ್ತಿತ್ತು. ಮೇಲಿನಿಂದ ಕ್ಯಾಮೆರಾ ಒಂದು ಚಿತ್ರ ತೆಗೆದ ಬಳಿಕ ಆಕೃತಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೊಂದು ಚಿತ್ರ. ಹೀಗೆ ಸುಮಾರು ಎರಡೂವರೆ ಲಕ್ಷ ಚಿತ್ರಗಳನ್ನು ತೆಗೆದು, ಅವುಗಳಲ್ಲಿ 96,000ದಷ್ಟನ್ನು ಬಳಸಲಾಯಿತು. ಆಳದ ಭ್ರಮೆಗಾಗಿ ಗಾಜಿನ ಹಾಳೆಗಳನ್ನು ಅಂತರವಿಟ್ಟು ಜೋಡಿಸಿದ ಈ ವಿಧಾನ ಡಿಸ್ನಿ ಸಂಸ್ಥೆಯ ಮಲ್ಟಿಪ್ಲೇನ್ ಕ್ಯಾಮೆರಾಕ್ಕಿಂತ ಹಿಂದಿನದು.

ಕಥೆ ಅರೇಬಿಯನ್ ನೈಟ್ಸ್‌ನದು. ಮುಖಭಾವಕ್ಕೆ ಅವಕಾಶವಿಲ್ಲದ್ದರಿಂದ ರಸವೆಲ್ಲ ದೇಹದ ನಿಲುವಿಗೆ ಬಂದು ಸೇರುತ್ತದೆ. ಮಾಂತ್ರಿಕನ ದುಷ್ಟತನ ಅವನ ನೀಳ, ಕೊಂಕಾದ ಬೆರಳುಗಳಲ್ಲಿದೆ. ಸರೋವರದಲ್ಲಿ ಮೀಯುವ ಪೆರಿಬಾನುವನ್ನು ಪೊದೆಯ ಮರೆಯಿಂದ ಕಾಣುವ ಅಹ್ಮದನ ಬೆರಗು ಅವನ ಬಾಗಿದ ಮೈಯಲ್ಲಿದೆ. ಇಳಿಯುವ ಬಗೆ ತಿಳಿಯದೆ ಹಾರುವ ಕುದುರೆಯ ಮೇಲೆ ಆಕಾಶಕ್ಕೇರುವವನ ಒಂಟಿತನ, ವಿಶಾಲ ಹಿನ್ನೆಲೆಯ ಎದುರು ಆತನ ಆಕೃತಿ ಕಿರಿದಾಗುವುದರಲ್ಲಿದೆ. ದೃಶ್ಯಗಳಿಗೆ ಬಳಿದ ಬಣ್ಣಗಳೂ ವೋಲ್ಫ್‌ಗಾಂಗ್ ಝೆಲ್ಲರ್ ಅವರ ಸಂಗೀತವೂ ಇದಕ್ಕೆ ಪೂರಕ. ನೋಡುವವರು ಕಾಣದ ಮುಖವನ್ನು ತಾವೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಚಿತ್ರದ ಶಕ್ತಿ ಬಹುಶಃ ಅಲ್ಲಿಯೇ ಇದೆ.

ವಲಸೆ ಮತ್ತು ಕೊನೆಯ ವರ್ಷಗಳು

ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ದಂಪತಿಗಳು ಜರ್ಮನಿಯನ್ನು ತೊರೆದರು. ಯಾವ ದೇಶವೂ ಶಾಶ್ವತ ವಾಸಕ್ಕೆ ಅನುಮತಿ ನೀಡದ ಕಾರಣ ವರ್ಷಗಟ್ಟಲೆ ದೇಶದಿಂದ ದೇಶಕ್ಕೆ ಅಲೆಯಬೇಕಾಯಿತು. ಯುದ್ಧದ ನಡುವೆ ಅಸ್ವಸ್ಥ ತಾಯಿಯನ್ನು ನೋಡಿಕೊಳ್ಳಲು ಲೋಟೆ ಬರ್ಲಿನ್ನಿಗೆ ಮರಳಿದರು. ಅಹ್ಮದನ ಚಿತ್ರದ ಮೂಲ ನೆಗೆಟಿವ್ ಆ ಯುದ್ಧದಲ್ಲಿ ನಾಶವಾಯಿತು; ಇಂಗ್ಲೆಂಡಿನಲ್ಲಿ ಉಳಿದಿದ್ದ ಪ್ರತಿಯಿಂದ ಚಿತ್ರವನ್ನು ಮುಂದೆ ಪುನರುದ್ಧರಿಸಲಾಯಿತು.

1949ರಲ್ಲಿ ಲಂಡನ್ನಿಗೆ ತೆರಳಿ, ಅಲ್ಲಿ ಟೆಲಿವಿಷನ್ನಿಗಾಗಿ ಹಲವಾರು ಜಾನಪದ ಕಥೆಗಳನ್ನು ನೆರಳುಚಿತ್ರಗಳಾಗಿಸಿದರು. 1955ರಲ್ಲಿ ‘ಧೀರ ದರ್ಜಿ’ಯ ಕಥೆಗೆ ವೆನಿಸ್‌ನಲ್ಲಿ ಪ್ರಶಸ್ತಿ ದೊರೆಯಿತು. 1963ರಲ್ಲಿ ಪತಿ ತೀರಿಕೊಂಡ ಬಳಿಕ ಬಹುಕಾಲ ಚಿತ್ರ ಮಾಡಲಿಲ್ಲ. 1970ರ ದಶಕದಲ್ಲಿ ಹೊಸ ತಲೆಮಾರಿನ ಆಸಕ್ತಿಯಿಂದ ಮತ್ತೆ ಕತ್ತರಿ ಹಿಡಿದು ಕೆನಡಾದಲ್ಲಿ ಚಿತ್ರಗಳನ್ನು ರಚಿಸಿದರು. ಜರ್ಮನಿಯ ಡೆಟ್ಟೆನ್‌ಹೌಸೆನ್‌ನಲ್ಲಿ ನಿಧನರಾದರು. ಅವರು ಕತ್ತರಿಸಿದ ಆಕೃತಿಗಳ ಸಂಗ್ರಹ ಟ್ಯೂಬಿಂಗನ್ ನಗರ ಸಂಗ್ರಹಾಲಯದಲ್ಲಿದೆ.