ಗಾಳಿಯ ಹದ ಕಂಡವನು

ಸೈಕಲ್ ತುಳಿಯುವ ನಾವೆಲ್ಲ ಜಾನ್ ಬಾಯ್ಡ್ ಡನ್‌ಲಪ್ಪನಿಗೆ ಋಣಿಗಳು. ೧೮೪೦ರಲ್ಲಿ ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಆತನು ಯಂತ್ರಶಿಲ್ಪಿಯಲ್ಲ, ಪಶುವೈದ್ಯ. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಆತನ ವೃತ್ತಿ. ಗಟ್ಟಿ ರಬ್ಬರಿನ ಗಾಲಿಗಳ ಮೇಲೆ ಕುಲುಕುತ್ತಿದ್ದ ಮಗನ ಮೂರುಗಾಲಿಯ ಸೈಕಲ್ಲನ್ನು ಕಂಡು, ೧೮೮೭ರಲ್ಲಿ ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆಯಿಂದ ಬಿಗಿದು, ಗಾಲಿಗೆ ಕಟ್ಟಿದನು. ಮರುವರ್ಷವೇ ಪೇಟೆಂಟ್ ದೊರೆಯಿತು.

ಭಾರವನ್ನು ಹೊರುವುದು ರಬ್ಬರಲ್ಲ, ಗಾಳಿ, ಅದಕ್ಕೊಂದು ಹದವುಂಟು. ಟೈರು ಸಪೂರವಾದಷ್ಟೂ ಒತ್ತಡ ಹೆಚ್ಚಬೇಕು: ಪಂದ್ಯದ ಸೈಕಲ್ಲಿಗೆ ಚದರ ಅಂಗುಲಕ್ಕೆ ೮೦ ಪೌಂಡಿಗೂ ಮೇಲೆ, ನಮ್ಮ ಸಾದಾ ಸೈಕಲ್ಲಿಗೆ ೫೦ರ ಆಸುಪಾಸು, ದಪ್ಪ ಟೈರಿಗೆ ೩೦ ಸಾಕು. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಾಗ ಡಾಂಬರಿನ ಮೇಲೆ ಬಿಗಿಯಾದ ಟೈರು ನನಗೆ ಹಿತ. ಮಲಪ್ರಭೆಯ ದಂಡೆಯ ಕಲ್ಲುಹಾದಿಗೆ ಇಳಿದರೆ ಅದೇ ಬಿಗಿತ ಮೈ ಕುಲುಕಿಸುತ್ತದೆ, ಹಿಡಿತ ತಪ್ಪಿಸುತ್ತದೆ. ಆದರೆ ಅತಿಯಾಗಿ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ತೂತಾಗುತ್ತದೆ.

೧೮೮೯ರಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲಿಯಂ ಹ್ಯೂಮ್ ಗಾಳಿಯ ಟೈರುಗಳ ಮೇಲೆ ಗೆದ್ದನು, ಕೀರ್ತಿ ಹಬ್ಬಿತು. ಅಷ್ಟರಲ್ಲಿ ರಾಬರ್ಟ್ ಥಾಮ್ಸನ್ ಎಂಬಾತನು ೧೮೪೫ರಲ್ಲಿಯೇ ಇದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದ ಸಂಗತಿ ಹೊರಬಿದ್ದು, ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು. ಮುಂದೆ ಆತನು ಕಂಪನಿಯಿಂದಲೂ ಹೊರಬಂದನು. ೧೯೨೧ರಲ್ಲಿ ಡಬ್ಲಿನ್ ನಗರದಲ್ಲಿ ಕಣ್ಮುಚ್ಚಿದಾಗ ಆತನ ಹೆಸರು ಗಾಲಿಗಳೊಡನೆ ಲೋಕವನ್ನೆಲ್ಲ ಸುತ್ತುತ್ತಿತ್ತು. ಅದರ ಸಿರಿ ಮಾತ್ರ ಅನ್ಯರ ಪಾಲಾಗಿತ್ತು.